ಹಸಿರು ಗುರುತು, ಅರ್ಧ ಬ್ಯಾಕಪ್

ಸೈಬರ್‌ಜಯ, ಜೋಹೋರ್ ಕಡೆಯ ಡೇಟಾ ಸೆಂಟರ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ. ಬೇರೆ ಕೆಲಸದವರಿಗೆ ಒಂದು ಮಾತು: ವರ್ಚುವಲ್ ಮಷೀನ್ ಅಂದ್ರೆ ಒಂದು ದೊಡ್ಡ ಸರ್ವರ್ ಒಳಗೆ ಬಾಡಿಗೆಗೆ ಇರುವ ಹತ್ತಾರು ಕಂಪ್ಯೂಟರ್‌ಗಳು. ಅವುಗಳ ನಕಲು ದಿನಾ ರಾತ್ರಿ ತೆಗೀತೀವಿ. ಆ ನಕಲು ಪೂರ್ತಿ ಬರದೇ ಇದ್ದಾಗ ಎಲ್ಲಿ ಹುಡುಕಬೇಕು ಅನ್ನೋದೇ ಇವತ್ತಿನ ವಿಷಯ.

ಬ್ಯಾಕಪ್ ಫೇಲಾಗಿ ಕೆಂಪು ಬಂದರೆ ನನಗೆ ಭಯ ಇಲ್ಲ. ಕೆಂಪು ಕಂಡರೆ ಯಾರಾದರೂ ನೋಡ್ತಾರೆ. ಭಯ ಇರೋದು ಹಳದಿಗೆ, ಅದಕ್ಕಿಂತ ಹೆಚ್ಚು ಹಸಿರಿಗೆ. ಒಂದು ಕಂಪನಿಯಲ್ಲಿ, ಹೆಸರು ಬೇಡ, ಸರ್ವರ್ ಹಾಳಾಗಿ ರಿಸ್ಟೋರ್ ಮಾಡಿದರು. ವಿಂಡೋಸ್ ಎದ್ದಿತು, ಲಾಗಿನ್ನೂ ಆಯಿತು, ಆದರೆ ಡಿ ಡ್ರೈವೇ ಇಲ್ಲ! ಲೆಕ್ಕಪತ್ರ ಎಲ್ಲ ಇದ್ದದ್ದು ಅದರಲ್ಲೇ. ತಿಂಗಳುಗಟ್ಟಲೆ ಜಾಬ್ ಹಸಿರಾಗಿಯೇ ಓಡಿತ್ತು. ಆ ಡಿಸ್ಕನ್ನು ಮಷೀನ್ ಒಳಗಿಂದಲೇ ಐಸ್ಕಸಿ ಮೂಲಕ ಸ್ಟೋರೇಜ್‌ಗೆ ಜೋಡಿಸಿದ್ದರು. ಹೊರಗಿನಿಂದ ಸ್ನ್ಯಾಪ್‌ಶಾಟ್ ತೆಗೆಯುವ ಸಾಫ್ಟ್‌ವೇರ್‌ಗೆ ಅಂಥ ಡಿಸ್ಕ್ ಕಾಣೋದೇ ಇಲ್ಲ. ಕಾಣದ್ದು ತಪ್ಪಿಹೋದರೆ ಅದು ಎಚ್ಚರಿಕೆ ಕೊಡೋದಾದರೂ ಹೇಗೆ? ಕೊನೆಗೆ ಬೈಸಿಕೊಂಡದ್ದು ಮಾತ್ರ ಆ ರಾತ್ರಿ ಪಾಳಿಯಲ್ಲಿದ್ದ ಕಾಂಟ್ರಾಕ್ಟ್ ಹುಡುಗ.

ಹಾಗಾಗಿ ಮೊದಲ ಕೆಲಸ ಲಾಗ್ ಓದೋದಲ್ಲ, ಡಿಸ್ಕ್ ಎಣಿಸೋದು. ಮಷೀನ್ ಒಳಗೆ ಹೋಗಿ ಎಷ್ಟು ಡಿಸ್ಕ್, ಎಷ್ಟು ಜಿಬಿ ಅಂತ ಬರೆದುಕೊಳ್ಳಿ. ಆಮೇಲೆ ಬ್ಯಾಕಪ್ ಫೈಲ್‌ನಲ್ಲಿ ಎಷ್ಟಿದೆ ನೋಡಿ. ವಿಎಂವೇರ್‌ನಲ್ಲಿ ‘ಇಂಡಿಪೆಂಡೆಂಟ್’ ಅಂತ ಗುರುತು ಹಾಕಿದ ಡಿಸ್ಕ್ ಸ್ನ್ಯಾಪ್‌ಶಾಟ್‌ಗೆ ಸೇರೋದಿಲ್ಲ. ಫಿಸಿಕಲ್ ಮೋಡ್‌ನ ಆರ್‌ಡಿಎಂ ಕೂಡ ಅಷ್ಟೇ. ಹೈಪರ್-ವಿಯಲ್ಲಿ ಪಾಸ್-ಥ್ರೂ ಡಿಸ್ಕ್ ಬಿಟ್ಟುಹೋಗತ್ತೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಡಿಸ್ಕ್‌ಗೂ ‘ಬ್ಯಾಕಪ್’ ಅಂತ ಒಂದು ಟಿಕ್ ಇರತ್ತೆ. ಯಾರೋ ತೆಗೆದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಬಂದು ಜಾಬ್ ಯಶಸ್ವಿಯಾಗಿ ಮುಗಿಯತ್ತೆ. ಆ ಒಂದು ಸಾಲು ಯಾರು ಓದ್ತಾರೆ ಹೇಳಿ.

ಎರಡನೇದು, ಡಿಸ್ಕ್ ಎಲ್ಲ ಬಂದಿವೆ, ಒಳಗಿನ ಡೇಟಾಬೇಸ್ ಮಾತ್ರ ಏಳೋದಿಲ್ಲ. ಇದಕ್ಕೆ ನಮ್ಮ ಮಲೇಷ್ಯಾದ ಗಡಿಯಾರಕ್ಕೂ ಸಂಬಂಧ ಇದೆ. ಇಲ್ಲಿ ರಾತ್ರಿ 11 ಗಂಟೆಗೆ ಬ್ಯಾಕಪ್ ಶುರು ಮಾಡ್ತಾರೆ, ಎಲ್ಲರೂ ಮಲಗಿರ್ತಾರೆ ಅಂತ. ಆದರೆ ಬೆಂಗಳೂರು ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಆಗ ಎಂಟೂವರೆ. ತಿಂಗಳ ಕೊನೆ ಆದರೆ ಆ ಕಡೆಯವರು ಇನ್ನೂ ಬಿಲ್ಲಿಂಗ್ ಮಾಡ್ತಾ ಇರ್ತಾರೆ. ವಿಂಡೋಸ್‌ನಲ್ಲಿ ವಿಎಸ್‌ಎಸ್ ಎಂಬ ಸೇವೆ ಬರವಣಿಗೆಯನ್ನು ಕ್ಷಣಕಾಲ ನಿಲ್ಲಿಸಿ ಚಿತ್ರ ತೆಗೆಯತ್ತೆ. ಅಪ್ಲಿಕೇಶನ್‌ಗಳು 60 ಸೆಕೆಂಡಿಗಿಂತ ಹೆಚ್ಚು ಹೆಪ್ಪುಗಟ್ಟಿರಲು ಅದು ಬಿಡೋದಿಲ್ಲ. ಡಿಸ್ಕ್ ಬರವಣಿಗೆ ತಡೆಹಿಡಿದು ಚಿತ್ರ ಮುಗಿಸಲು 10 ಸೆಕೆಂಡ್ ಅಷ್ಟೇ. ಸ್ಟೋರೇಜ್ ಏದುಸಿರು ಬಿಡ್ತಿದ್ದರೆ ಆ ಗಡುವು ಮೀರತ್ತೆ. ಕೆಲವು ಬ್ಯಾಕಪ್ ಸಾಫ್ಟ್‌ವೇರ್ ಆಗ ಸುಮ್ಮನೆ ‘ಕ್ರ್ಯಾಶ್ ಕನ್ಸಿಸ್ಟೆಂಟ್’ ನಕಲು ತೆಗೆದು ಮುಂದೆ ಹೋಗತ್ತೆ. ಅಂದರೆ ಕರೆಂಟ್ ವೈರ್ ಕಿತ್ತ ಕ್ಷಣದ ಚಿತ್ರ. ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಮಾಡಬೇಕಾದ್ದು ಸುಲಭ. ಮಷೀನ್ ಒಳಗೆ ‘ವಿಎಸ್‌ಎಸ್ಅಡ್ಮಿನ್ ಲಿಸ್ಟ್ ರೈಟರ್ಸ್’ ಕಮಾಂಡ್ ಕೊಡಿ. ಯಾವ ರೈಟರ್ ‘ಫೇಲ್ಡ್’ ಅಥವಾ ‘ಟೈಮ್ಡ್ ಔಟ್’ ಅಂತಿದೆಯೋ ಅದರ ಹಿಂದಿನ ಸರ್ವೀಸ್ ನೋಡಿ, ಅನುಮತಿ ತಗೊಂಡು ರೀಸ್ಟಾರ್ಟ್ ಮಾಡಿ. ಅದಕ್ಕಿಂತ ಒಳ್ಳೇದು ಜಾಬ್ ಸಮಯ ಬದಲಿಸೋದು. ಇಲ್ಲಿಯ ರಾತ್ರಿ ಎರಡು ಅಂದ್ರೆ ಊರಲ್ಲಿ ಹನ್ನೊಂದೂವರೆ. ಅಷ್ಟೊತ್ತಿಗೆ ಬೆಂಗಳೂರೂ ಸ್ವಲ್ಪ ತಣ್ಣಗಾಗಿರತ್ತೆ.

ಮೂರನೇದು ಸ್ವಲ್ಪ ಕುತಂತ್ರಿ. ದಿನಾ ಪೂರ್ತಿ ಡಿಸ್ಕ್ ಓದೋದಿಲ್ಲ, ಬದಲಾದ ಬ್ಲಾಕ್ ಮಾತ್ರ ಓದ್ತೀವಿ. ಆ ಪಟ್ಟಿಯೇ ತಪ್ಪಿದ್ದರೆ? ಆಗಿದೆ. 2014ರಲ್ಲಿ ವಿಎಂವೇರ್ ತಾನೇ ಒಪ್ಪಿಕೊಂಡ ದೋಷ ಇದು: ಡಿಸ್ಕನ್ನು 128 ಜಿಬಿ ಗಡಿ ದಾಟಿಸಿ ದೊಡ್ಡದು ಮಾಡಿದರೆ ಬದಲಾದ ಬ್ಲಾಕ್‌ಗಳ ಪಟ್ಟಿ ತಪ್ಪಾಗಿ ಬರ್ತಿತ್ತು. ಬ್ಯಾಕಪ್ ಹಸಿರು, ಒಳಗೆ ತೂತು. ಇಂಥ ಅನುಮಾನ ಬಂದರೆ ಟ್ರ್ಯಾಕಿಂಗ್ ರಿಸೆಟ್ ಮಾಡಿ ಒಂದು ಫುಲ್ ಬ್ಯಾಕಪ್ ತೆಗೆಯೋದೇ ದಾರಿ. ರಿಸೆಟ್‌ಗೆ ಮೊದಲು ಹಳೇ ಸ್ನ್ಯಾಪ್‌ಶಾಟ್ ಉಳಿದಿದೆಯಾ ನೋಡಿ, ಇದ್ದರೆ ತೆಗೆಸಿ.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್‌ನ್ನು ಕೊಂಡ ಮೇಲೆ ಲೈಸೆನ್ಸ್ ಲೆಕ್ಕ ಬದಲಾಗಿ, ಬೇರೆ ಕಡೆಗೆ ಮಷೀನ್ ಸಾಗಿಸುವ ಕೆಲಸ ನಮ್ಮಲ್ಲಿ ಅನೇಕರ ತಲೆ ಮೇಲಿದೆ. ಸಾಗಿಸಿದ ಮಷೀನ್‌ಗೆ ಹೆಸರು ಅದೇ, ಒಳಗಿನ ಗುರುತಿನ ಸಂಖ್ಯೆ ಬೇರೆ. ಹಳೇ ಜಾಬ್ ಹಳೇ ಸಂಖ್ಯೆಯನ್ನೇ ಹುಡುಕ್ತಾ ಕೂತಿರತ್ತೆ. ಸಾಗಿಸಿದ ದಿನವೇ ಹೊಸ ಜಾಬ್‌ಗೆ ಸೇರಿಸಿ ಫುಲ್ ತೆಗೀರಿ.

ದೊಡ್ಡವರಿಗೆ ಇದೆಲ್ಲ ಆಗಲ್ಲ ಅಂದುಕೊಳ್ಳಬೇಡಿ. ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಜಾಗ ಖಾಲಿ. ಡೇಟಾಬೇಸ್ 9.6 ಆವೃತ್ತಿ, ನಕಲು ತೆಗೆಯುವ ಟೂಲ್ 9.2, ಹಾಗಾಗಿ ಅದು ಕೆಲಸವನ್ನೇ ಮಾಡಿರಲಿಲ್ಲ. ಫೇಲಾಗಿದೆ ಅಂತ ಹೋಗಬೇಕಿದ್ದ ಮೇಲ್‌ಗಳನ್ನು ಮೇಲ್ ಸರ್ವರ್ ಸಹಿ ಸರಿಯಿಲ್ಲ ಅಂತ ತಿರಸ್ಕರಿಸ್ತಿತ್ತು. ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದ ಒಂದು ಸ್ನ್ಯಾಪ್‌ಶಾಟ್ ಇದ್ದದ್ದರಿಂದ ಬಚಾವಾದರು. ಅವರು ಎಲ್ಲವನ್ನೂ ಬಹಿರಂಗವಾಗಿ ಬರೆದು ಹಾಕಿದರು, ಅದು ನನಗೆ ಬಹಳ ಇಷ್ಟವಾದದ್ದು. ಮೇಲ್ ಬಂದಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲ. ಯಶಸ್ಸಿನ ಮೇಲ್ ಕೂಡ ತರಿಸಿಕೊಳ್ಳಿ, ಅದು ಬರದ ದಿನ ಏಳಿ.

ಇನ್ನೊಂದು, ತಾಂತ್ರಿಕ ಅಲ್ಲದ್ದು. ನಮ್ಮ ಎಂಪ್ಲಾಯ್‌ಮೆಂಟ್ ಪಾಸ್ ಕಂಪನಿಗೆ ಅಂಟಿಕೊಂಡಿದೆ. ಕೆಲಸ ಹೋದರೆ ಮಕ್ಕಳ ಶಾಲೆಯಿಂದ ಮನೆ ಬಾಡಿಗೆವರೆಗೆ ಎಲ್ಲ ಅಲುಗಾಡತ್ತೆ. ಹಾಗಾಗಿ ಹಳದಿ ಕಂಡ ದಿನ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಟಿಕೆಟ್‌ನಲ್ಲಿ ಬರೆಯಿರಿ. ಯಾವ ಮಷೀನ್, ಯಾವ ಡಿಸ್ಕ್, ಎಷ್ಟು ದಿನದಿಂದ, ಯಾರಿಗೆ ತಿಳಿಸಿದ್ದೀರಿ, ನಾಲ್ಕು ಸಾಲು ಸಾಕು. ‘ನೋಡಿ ಬಿಡಿ, ಪರವಾಗಿಲ್ಲ’ ಅಂತ ಮ್ಯಾನೇಜರ್ ಫೋನಲ್ಲಿ ಹೇಳಿದರೆ ಅದನ್ನೂ ವಿನಯದಿಂದ ಅದೇ ಟಿಕೆಟ್‌ನಲ್ಲಿ ದಾಖಲಿಸಿ.

ತಿಂಗಳಿಗೊಂದು ಮಷೀನ್ ಆರಿಸಿ, ನೆಟ್‌ವರ್ಕ್ ಕಿತ್ತು, ಪ್ರತ್ಯೇಕ ಜಾಗದಲ್ಲಿ ರಿಸ್ಟೋರ್ ಮಾಡಿ ನೋಡಿ. ಬೂಟ್ ಆದರೆ ಸಾಲದು. ಡೇಟಾಬೇಸ್ ತೆರೆದು ನಿನ್ನೆಯ ಕೊನೆಯ ಎಂಟ್ರಿ ಇದೆಯಾ ಅಂತ ನೋಡಬೇಕು. ಹರಿ ರಾಯ, ದೀಪಾವಳಿ ರಜೆಗೆ ಎಲ್ಲರೂ ಊರಿಗೆ ಹೋಗುವ ಹಿಂದಿನ ವಾರ ಇದನ್ನು ಮಾಡಿದರೆ ಇನ್ನೂ ಒಳ್ಳೇದು, ಆಗ ನಾಲ್ಕೈದು ದಿನ ಹಳದಿಯನ್ನು ನೋಡೋರೇ ಇರೋದಿಲ್ಲ. ಯಾರ ಬಳಿಯಾದರೂ ಬಿಡಿಸಲಾಗದ ಲಾಗ್ ಇದ್ದರೆ, ಕಂಪನಿ ಹೆಸರು ಅಳಿಸಿ ತನ್ನಿ, ಊಟದ ಹೊತ್ತಲ್ಲಿ ಕೂತು ನೋಡೋಣ.