ಹಳೆಯ ಜಾವಾ ಗಾಡಿಯ ಕ್ರ್ಯಾಂಕು
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಯಂತ್ರದ ಕೆಲಸವನ್ನು ಬರಿಯ ಮಾತಿನಲ್ಲಿ ಹೇಳುವದು ಕಠಿಣ. ಆದರೆ ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಎರಡು ತಿಂಗಳು ನಮ್ಮ ರವಿವಾರಗಳನ್ನೆಲ್ಲ ನುಂಗಿದ ಆ ಜಾವಾದ ಸಂಗತಿಯನ್ನೇ ಹೇಳುತ್ತೇವೆ.

ಪಿಂಪ್ರಿ-ಚಿಂಚವಾಡದಲ್ಲಿ ಕುಳಿತು ಮೈಸೂರಿನ ಗಾಡಿಯ ಗೊಡವೆ ಏಕೆಂದು ಕೆಲವರು ಕೇಳಿದರು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1996ರಲ್ಲಿ ಅದರ ಬಾಗಿಲು ಮುಚ್ಚಿತು. ಇತ್ತ ನಮ್ಮಲ್ಲಿ ಎಷ್ಟೋ ಜನ ಆಕುರ್ಡಿಯಲ್ಲಿ ಚೇತಕ ಸ್ಕೂಟರಿನ ಕೆಲಸದಲ್ಲಿ ಕೈ ಪಳಗಿಸಿಕೊಂಡವರು. ಎರಡೂ ಟೂ-ಸ್ಟ್ರೋಕ್ ಯಂತ್ರಗಳೇ. ಎರಡರಲ್ಲಿಯೂ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ಗಾಲಿಗಳ ನಡುವೆ ಪಿನ್ನನ್ನು ಪ್ರೆಸ್ಸಿನಿಂದ ಒತ್ತಿ ಕೂಡಿಸಿದ್ದು. ಬೆಸುಗೆಯಿಲ್ಲ, ಬೋಲ್ಟಿಲ್ಲ. ಬರಿಯ ಬಿಗಿತದಿಂದ ನಿಂತದ್ದು, ಪೆಟ್ಟು ಬಿದ್ದರೆ ಸರಿಯುತ್ತದೆ.

ಗಾಡಿ ನಮ್ಮ ಹಿರಿಯ ಸದಸ್ಯರೊಬ್ಬರದು. ವಿಜಾಪುರದ ಕಡೆಯಿಂದ ಬಂದು ಇಲ್ಲಿಯೇ ನಿವೃತ್ತರಾದವರು. 250 ಸಿ.ಸಿ.ಯ ಆ ಜಾವಾ ಹನ್ನೊಂದು ವರ್ಷ ಮನೆಯ ಹಿಂದೆ ನಿಂತಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ಬೇರಿಂಗು ಹಾಕಿಸಿದರು. ಎರಡು ಸಲವೂ ತಿಂಗಳೊಳಗೆ ಅದೇ ಗರಗರ ಸದ್ದು, ಅದೇ ಬಿಳಿ ಹೊಗೆ. ಮಗನಿಗೆ ಬೇಸರವಾಗಿ ಭಂಗಾರದವನನ್ನು ಕರೆದು ತೂಕದ ದರ ಕೇಳಿದ್ದ. ಮುದುಕರು ಒಂದು ಮಾತೂ ಆಡಲಿಲ್ಲವಂತೆ. ಮರುದಿನ ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿ, ರಿಕ್ಷಾದಲ್ಲಿ ನಮ್ಮ ಬಾಗಿಲಿಗೆ ತಂದಿಳಿಸಿದರು.

ಬಿಚ್ಚಿದಾಗ ಮೊದಲು ಕಂಡದ್ದು ಡೈನಮೋ. ಜಾವಾದಲ್ಲಿ ಡೈನಮೋದ ಆರ್ಮೇಚರು ಕ್ರ್ಯಾಂಕಿನ ಬಲತುದಿಯ ಮೇಲೆಯೇ ಕುಳಿತಿರುತ್ತದೆ. ಅದರ ಮೈಯ ಒಂದೇ ಮಗ್ಗುಲು ಉಜ್ಜಿ ಹೊಳೆಯುತ್ತಿತ್ತು. ಸುತ್ತಲೂ ಉಜ್ಜಿದ್ದರೆ ಬೇರಿಂಗು ಸವೆದಿದೆ ಎನ್ನಬಹುದಿತ್ತು. ಒಂದೇ ಮಗ್ಗುಲು ಉಜ್ಜಿದೆಯೆಂದರೆ ಶಾಫ್ಟೇ ವಾಲಿ ತಿರುಗುತ್ತಿದೆ! ಹೊಗೆಗೂ ಅದೇ ಕಾರಣ. ಶಾಫ್ಟು ಓಲಾಡಿದರೆ ಸೀಲಿನ ತುಟಿ ಸವೆಯುತ್ತದೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಪೆಟ್ಟಿಗೆಯೇ ಪಂಪು; ಎಡಗಡೆಯ ಸೀಲು ಹೋದರೆ ಅದು ಕ್ಲಚ್ಚಿನ ಕಡೆಯ ಎಣ್ಣೆಯನ್ನು ಹೀರುತ್ತದೆ, ಬಲಗಡೆಯದು ಹೋದರೆ ಗಾಳಿಯನ್ನು. ಗಾಳಿ ಹೆಚ್ಚಾದರೆ ಮಿಶ್ರಣ ತೆಳುವಾಗಿ ಪಿಸ್ಟನ್ನು ಕಾಯ್ದು ಘಾಟಿನ ಏರಿನಲ್ಲಿ ಹಿಡಿದುಬಿಡುತ್ತದೆ. ಹಿಂದಿನ ಚಕ್ರ ಒಮ್ಮೆಲೇ ನಿಂತರೆ ಸವಾರನ ಗತಿ ಏನೆಂಬದನ್ನು ನಿಮಗೆ ಹೇಳಬೇಕಾಗಿಲ್ಲ.

ಶಾಫ್ಟು ಏಕೆ ವಾಲಿತು? ಬಲತುದಿಯ ತೂತಿನ ಬಾಯಿ ಜಜ್ಜಿ ಹೋಗಿತ್ತು. ಆರ್ಮೇಚರನ್ನು ಕೀಳಲಿಕ್ಕೆ ಎಳೆಯುವ ಬೋಲ್ಟು ಇದೆ, ಎರಡು ನಿಮಿಷದ ಕೆಲಸ. ಯಾರೋ ಅದನ್ನು ಹುಡುಕುವ ಗೋಜಿಗೆ ಹೋಗದೆ ಕಬ್ಬಿಣದ ಸುತ್ತಿಗೆಯಿಂದ ತುದಿಗೆ ಬಡಿದಿದ್ದರು. ಆ ಮೇಲೆ ಎಷ್ಟು ಬೇರಿಂಗು ಹಾಕಿದರೇನು?

ಜಜ್ಜಿದ ಬಾಯಿಯನ್ನು ಮೊದಲು ನಯಮಾಡಿಕೊಂಡೆವು. ಇಲ್ಲವಾದರೆ ಗೇಜು ಸುಳ್ಳು ಹೇಳುತ್ತದೆ. ಕ್ರ್ಯಾಂಕನ್ನು ಲೇಥಿನ ಎರಡು ಸೆಂಟರುಗಳ ನಡುವೆ ಹಿಡಿದು, ಎರಡೂ ಬದಿಯ ಶಾಫ್ಟಿನ ಮೇಲೆ ಡಯಲ್ ಗೇಜು ಇಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿದೆವು. ಮಿಲಿಮೀಟರಿನ ನೂರನೆಯ ಪಾಲಿನಲ್ಲಿ ಎಡಕ್ಕೆ 12, ಬಲಕ್ಕೆ 16. ಇರಬೇಕಾದದ್ದು ಎರಡೋ ಮೂರೋ. ಗೇಜು ತೋರಿಸುವದು ಓರೆಯ ಇಮ್ಮಡಿಯನ್ನು, ಇದನ್ನು ಹುಡುಗರು ನೆನಪಿಡಬೇಕು. 16 ಎಂದರೆ ಶಾಫ್ಟು ನಡುವಿನಿಂದ ಸರಿದದ್ದು 8.

ಓರೆಯಲ್ಲಿ ಎರಡು ಬಗೆ. ಪಿನ್ನು ಅಡ್ಡಕ್ಕೆ ಬಂದಾಗ ಒಂದು ಶಾಫ್ಟು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತೋರಿಸಿದರೆ ಗಾಲಿಗಳು ಪಿನ್ನಿನ ಸುತ್ತ ತಿರುಚಿಕೊಂಡಿವೆ. ಪಿನ್ನು ನೆಟ್ಟಗೆ ಮೇಲೋ ಕೆಳಗೋ ಇದ್ದಾಗ ಎರಡೂ ಒಂದೇ ಕಡೆ ತೋರಿಸಿದರೆ ಗಾಲಿಗಳ ಬಾಯಿ ಕಿರಿದಾಗಿದೆ, ಇಲ್ಲವೆ ಅಗಲಿದೆ. ನಮ್ಮದರಲ್ಲಿ ಎರಡೂ ಇದ್ದವು. ತಿರುಚಿದ್ದಕ್ಕೆ ಔಷಧ ತಾಮ್ರದ ಸುತ್ತಿಗೆ: ಸೆಂಟರಿನಿಂದ ಇಳಿಸಿ, ಒಂದು ಗಾಲಿಯನ್ನು ಹಿಡಿದು, ಇನ್ನೊಂದರ ಅಂಚಿಗೆ ಎತ್ತರ ತೋರಿಸಿದ ಕಡೆ ಒಂದೇ ಪೆಟ್ಟು. ಮತ್ತೆ ಏರಿಸಿ ನೋಡಬೇಕು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳುತ್ತೇವೆ. ಸೀಮೆಸುಣ್ಣದ ಗುರುತು ಹಾಕದೆ ಇಳಿಸಿದೆವು, ಎದುರು ಮಗ್ಗುಲಿಗೆ ಹೊಡೆದೆವು. 16 ಇದ್ದದ್ದು 23 ಆಯಿತು. ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದ ಮುದುಕರು, "ಚಹಾ ಕುಡೀರಿ, ಆಮ್ಯಾಲ ನೋಡೋಣು" ಎಂದಷ್ಟೇ ಅಂದರು. ಆ ದಿನ ಮತ್ತೆ ಸುತ್ತಿಗೆ ಮುಟ್ಟಲಿಲ್ಲ.

ಮುಂದಿನ ರವಿವಾರ ಗುರುತು ಹಾಕಿಯೇ ಕೆಲಸ ನಡೆಯಿತು. ತಿರುಚು ಹೋದ ಮೇಲೆ ವರ್ನಿಯರಿನಿಂದ ಅಳೆದರೆ, ಪಿನ್ನಿನ ಎದುರುಗಡೆ ಗಾಲಿಗಳು ಹತ್ತಿರ ಬಂದಿದ್ದವು. ತುದಿಗೆ ಬಡಿದದ್ದರ ಫಲ. ಅಲ್ಲಿ ತಾಮ್ರದ ಬೆಣೆ ಇಟ್ಟು ಹಗುರವಾಗಿ ಅಗಲಿಸಿದೆವು. ಮೂರನೆಯ ರವಿವಾರ ಸಂಜೆಗೆ ಎಡಕ್ಕೆ 2, ಬಲಕ್ಕೆ 3. ಗೇಜಿನ ಮುಳ್ಳನ್ನು ಮುದುಕರಿಗೆ ತೋರಿಸಿದೆವು. ಕನ್ನಡಕ ತೆಗೆದು ಒರೆಸಿ, ಮಗನನ್ನು ಕರೆದು, "ನೀನೂ ನೋಡು" ಅಂದರು. ಆ ಮೇಲೆ ಹೊಸ ಬೇರಿಂಗು, ಹೊಸ ಸೀಲು ಕೂಡಿಸುವದು ಸುಲಭದ ಮಾತು. ಗಾಡಿ ಈಗ ಓಡುತ್ತಿದೆ. ಇಂದು ಈ ಸಭೆಗೆ ಅಪ್ಪನನ್ನು ಹಿಂದೆ ಕೂಡಿಸಿಕೊಂಡು ಮಗನೇ ಅದರ ಮೇಲೆ ಬಂದಿದ್ದಾನೆ. ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದಾರೆ, ನೋಡಬಹುದು.

ಡಯಲ್ ಗೇಜನ್ನೂ ಎಳೆಯುವ ಬೋಲ್ಟನ್ನೂ ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ಬೇಕಾದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ತಾಮ್ರದ ಸುತ್ತಿಗೆ ಒಂದೇ ಇದೆ. ಅದನ್ನು ಮಾತ್ರ ಅದೇ ವಾರ ತಿರುಗಿ ತಂದಿಡಬೇಕು.