ಬಿಟ್ಟ ಗಾಂಜಾ ಮರಳಿ ಹಿಡಿಯುವುದೇಕೆ?



ಕಾವೇರಿಯ ತಟದ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಸೇರುವುದನ್ನು ತಾವು ಬಲ್ಲಿರಿ. ಗಾಂಜಾ ಬಿಟ್ಟು ಆರು ತಿಂಗಳಾದ ರೈತನೊಬ್ಬನು ಎತ್ತುಗಳನ್ನು ಹೊಡೆದುಕೊಂಡು ಅಲ್ಲಿಗೆ ಬಂದನೆಂದು ಭಾವಿಸೋಣ. ಊರಿನಲ್ಲಿ ಅವನಿಗೆ ಅದರ ನೆನಪೇ ಇರಲಿಲ್ಲ. ಇಲ್ಲಿ ಚಳಿ, ರಾತ್ರಿಯ ಬೆಂಕಿ, ಹಳೆಯ ಗೆಳೆಯರು, ಗಾಳಿಯಲ್ಲಿ ತೇಲಿಬಂದ ಹೊಗೆಯ ಘಾಟು. ಇಷ್ಟರಿಂದಲೇ ಮನಸ್ಸು ತವಕಿಸತೊಡಗುತ್ತದೆ. ಅವನು ಮಾಡಿದ ಸಂಕಲ್ಪವು ಸುಳ್ಳೆಂಬುದಕ್ಕೆ ಇದು ಸಾಕ್ಷಿಯೆ? ಅಲ್ಲವೆಂದು ಮನಶ್ಶಾಸ್ತ್ರವು ಹೇಳುತ್ತದೆ.

ದೇಹದ ಸಂಕಟವಾದರೋ ಬಹುಮಟ್ಟಿಗೆ ಮುಂಚೆಯೇ ತೀರಿರುತ್ತದೆ. ನಿತ್ಯವೂ ಸೇದುತ್ತಿದ್ದವನು ಬಿಟ್ಟ ಒಂದೆರಡು ದಿನಗಳಲ್ಲಿ ನಿದ್ರೆಗೆಡುತ್ತಾನೆ, ಸಿಡುಕುತ್ತಾನೆ. ಅನ್ನ ಸೇರದು, ವಿಚಿತ್ರ ಕನಸುಗಳು ಕಾಡುತ್ತವೆ. ಮೊದಲ ವಾರದಲ್ಲಿ ಉಲ್ಬಣಿಸಿದ ಈ ಬಾಧೆಗಳು ಎರಡು ಮೂರು ವಾರಗಳಲ್ಲಿ ಬಹುತೇಕ ಶಮನವಾಗುತ್ತವೆ. ನಿದ್ರೆಯ ತೊಂದರೆ ಇನ್ನೂ ಕೆಲವು ಕಾಲ ಉಳಿಯಬಹುದು. ಅಭ್ಯಾಸದ ನಂಟು ಹೀಗೆ ದಿನವೆಣಿಸಿ ಬಿಡತಕ್ಕದ್ದಲ್ಲ. ಆಹಾರದೊಡನೆ ಪದೇ ಪದೇ ಕೇಳಿಸಿದ ಸದ್ದು, ಆಹಾರವಿಲ್ಲದಾಗಲೂ ನಾಯಿಯ ಬಾಯಲ್ಲಿ ನೀರೂರಿಸುವುದೆಂದು ರಷ್ಯದ ಪಾವ್ಲೋವ್ ಪಂಡಿತರು ತೋರಿಸಿಕೊಟ್ಟರು. ಆ ಸದ್ದನ್ನು ಕೆಲವು ಕಾಲ ಕೇಳದಿದ್ದ ಮಾತ್ರಕ್ಕೆ ನಾಯಿಯು ಅದನ್ನು ಮರೆಯಿತೆನ್ನಲಾಗದು. ಮೈಸೂರಿಗೆ ಈ ಶಾಸ್ತ್ರವು ಅಪರಿಚಿತವಲ್ಲ. 1935ರಲ್ಲಿ ಇಲ್ಲಿ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು.

ಒಂದು ದಮ್ಮು ಎಳೆದ ತರುವಾಯ ನಡೆಯುವುದು ಇನ್ನೂ ವಿಚಾರಾರ್ಹವಾದುದು. “ವ್ರತ ಕೆಟ್ಟಿತು, ಇನ್ನು ಒಂದಾದರೇನು, ಹತ್ತಾದರೇನು?” ಎಂದು ಅವನು ತನ್ನಲ್ಲಿಯೇ ತೀರ್ಪು ಕೊಟ್ಟುಕೊಳ್ಳುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್‌ರು 1985ರಲ್ಲಿ ಜೂಡಿತ್ ಗಾರ್ಡನ್‌ರೊಡನೆ ಹೊರತಂದ ಗ್ರಂಥದಲ್ಲಿ ಈ ತೀರ್ಪನ್ನೇ ಅಪಾಯದ ಮೂಲವೆಂದು ವಿವರಿಸಿದ್ದಾರೆ. ಜಾರುವುದು ಬೇರೆ, ಬೀಳುವುದು ಬೇರೆ. ಚುಂಚನಕಟ್ಟೆಯ ಧನುಷ್ಕೋಟಿಯ ಬಳಿ ಒದ್ದೆ ಬಂಡೆಯ ಮೇಲೆ ಕಾಲು ಜಾರಿದವನು, ಹೇಗೂ ಜಾರಿದೆನೆಂದು ಧುಮುಕಿಬಿಡುವನೆ? ಗಾಂಜಾದ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ಯೋಚಿಸುತ್ತೇವೆ. ಮನೆಯವರು, “ನಿನ್ನ ಹಣೆಯಲ್ಲಿ ಬರೆದದ್ದೇ ಇಷ್ಟು” ಎಂದರಂತೂ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ.

ಅದರ ಬದಲು, ಯಾವ ಹೊತ್ತು, ಯಾರ ಸಂಗಡ, ಮನಸ್ಸಿನಲ್ಲಿ ಏನಿತ್ತು ಎಂದು ವಿಚಾರಿಸುವುದು ಲೇಸು. ಹೋಗಲೇಬಾರದೆಂಬ ನಿಷೇಧ ರೈತನಿಗೆ ಹೊಂದದು, ಎತ್ತು ಮಾರಲೇಬೇಕಷ್ಟೆ. ಬರುವ ವರ್ಷ ತಮ್ಮನನ್ನು ಜೊತೆಗೆ ಕರೆದೊಯ್ದು, ಬೆಳಗಿನಲ್ಲಿಯೇ ವ್ಯಾಪಾರ ಕುದುರಿಸಿ, ಕೋದಂಡರಾಮಸ್ವಾಮಿಯ ದರ್ಶನ ಮಾಡಿ, ಬೆಂಕಿ ಹೊತ್ತುವ ಮೊದಲೇ ಊರಿನ ದಾರಿ ಹಿಡಿಯಬಹುದು. ತಡವಾದರೆ ಗೆಳೆಯರಿಗೆ ಹೇಳಬೇಕಾದ ಮಾತನ್ನು ಮನೆಯಿಂದ ಹೊರಡುವಾಗಲೇ ಗೊತ್ತುಮಾಡಿಕೊಂಡಿರಬೇಕು.