ಅಂಕಕ್ಕೆ ಎಷ್ಟು ಬೈಟ್?

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ ನೀವು ಎಲ್ಲದಕ್ಕೂ ಕಣ್ಣು ಮುಚ್ಚಿ ‘ಇಂಟ್’ ಎಂದು ಬರೆದುಬಿಡುತ್ತೀರಿ. ಒಂದೆರಡು ಸಂಖ್ಯೆಗಳಿದ್ದರೆ ಅದೇ ಸರಿ, ಪ್ರೊಸೆಸರಿಗೂ ಅದೇ ಸಲೀಸು. ಆದರೆ ಹತ್ತು ಲಕ್ಷ ಅಂಕಗಳ ಪಟ್ಟಿ ಇಡಬೇಕಾದರೆ? ಇಂದಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಇಂಟ್ ಒಂದಕ್ಕೆ 4 ಬೈಟ್. ಒಟ್ಟು 40 ಲಕ್ಷ ಬೈಟ್ ಆಯಿತು. ವಿಷಯವಾರು ಅಂಕಕ್ಕೆ ಚಿಹ್ನೆಯಿಲ್ಲದ 1 ಬೈಟ್ ಸಾಕು. ಅದರಲ್ಲಿ 255ರವರೆಗೆ ಹಿಡಿಸುತ್ತದೆ, ಪ್ರಥಮ ಭಾಷೆಯ 125 ಕೂಡ.

ಇಷ್ಟಕ್ಕೇ ಹಿಗ್ಗಬೇಡಿ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಅದನ್ನೂ ಅದೇ 1 ಬೈಟಿಗೆ ತುರುಕಿದರೆ 256 ಎರಡು ಸಲ ಕಳೆದುಹೋಗಿ 113 ಉಳಿಯುತ್ತದೆ. ಕಂಪ್ಯೂಟರು ತುಟಿ ಪಿಟಕ್ಕೆನ್ನದು. ಪೂರ್ಣ ಅಂಕ ತೆಗೆದ ಹುಡುಗಿ ನಪಾಸು! ಒಟ್ಟು ಅಂಕಕ್ಕೆ 2 ಬೈಟ್ ಕೊಡಿ. ಒಬ್ಬ ವಿದ್ಯಾರ್ಥಿಗೆ ಇರುವುದು ಒಂದೇ ಒಟ್ಟು, ಅಲ್ಲಿ ಜಿಪುಣತನ ಬೇಡ.